ಆತ್ಮಾಹುತಿ ಬಾಂಬರ್ ಅಂತ ಅನುಮಾನ ಬಂದರೆ ಪೊಲೀಸರು ಕಾಲಿಗೆ ಯಾಕೆ ಗುಂಡು ಹಾರಿಸುವುದಿಲ್ಲ?

ಕಾಲಿಗೆ ಗುಂಡು ಬಿದ್ದರೂ ಬೆರಳು ಆಡುತ್ತಲೇ ಇರುತ್ತದಲ್ವಾ? ಬಾಂಬಿನ ಗುಂಡಿ ಒತ್ತಲು ಅಷ್ಟು ಸಾಕು. ಎದೆಗೆ ಹೊಡೆದರೆ ಅಲ್ಲಿ ಕಟ್ಟಿಕೊಂಡ ಸ್ಫೋಟಕವೇ ಸಿಡಿಯಬಹುದು. ಅದಕ್ಕೇ ನೇರ ತಲೆಗೆ ಗುರಿ. ಲಂಡನ್ ಪೊಲೀಸರು ಈ ತಂತ್ರಕ್ಕೆ ‘ಕ್ರಾಟೋಸ್’ ಎಂದು ಹೆಸರಿಟ್ಟಿದ್ದರು.

ಎಡವಟ್ಟಾಗುವುದು ಗುರುತು ಹಿಡಿಯುವಾಗ. 2005ರ ಜುಲೈ 22ರಂದು ಲಂಡನ್‌ನ ಸ್ಟಾಕ್‌ವೆಲ್ ನಿಲ್ದಾಣದ ರೈಲಿನಲ್ಲಿ ಬ್ರೆಜಿಲ್‌ನ ಎಲೆಕ್ಟ್ರಿಷಿಯನ್ ಡಿ ಮೆನೆಜಸ್ ತಲೆಗೆ 7 ಗುಂಡು ಬಿದ್ದವು. ಅವರ ಬಳಿ ಬಾಂಬ್ ಇರಲೇ ಇಲ್ಲ. ಶಂಕಿತ ಬಾಂಬರ್‌ಗಾಗಿ ಪೊಲೀಸರು ಕಣ್ಣಿಟ್ಟಿದ್ದ ಕಟ್ಟಡದಿಂದ ಮೆನೆಜಸ್ ಹೊರಬಂದಿದ್ದರು, ಅಷ್ಟೇ. ಅವರು ಬರುವ ಹೊತ್ತಿಗೆ ಕಾವಲಿನವನು ಮೂತ್ರಕ್ಕೆ ಹೋಗಿದ್ದ. ಹಾಗಾಗಿ ಅವರನ್ನು ಸೆರೆಹಿಡಿಯಬೇಕಿದ್ದ ಕ್ಯಾಮೆರಾ ಆನ್ ಆಗಲೇ ಇಲ್ಲ!

ಯಾವ ಪೊಲೀಸರ ಮೇಲೂ ಕೊಲೆ ಕೇಸ್ ಬೀಳಲಿಲ್ಲ. 2007ರಲ್ಲಿ ಇಲಾಖೆಗೆ 1,75,000 ಪೌಂಡ್ ದಂಡ ಬಿತ್ತು, ಅದೂ ಕೆಲಸದ ಜಾಗದ ಸುರಕ್ಷತೆಯ ಕಾಯ್ದೆಯಡಿ.