ಹನ್ನೊಂದೂವರೆಗೆ ಕೆಲಸ ಬಿಟ್ಟರೆ ಕೆಂಗೇರಿಗೆ ಹೇಗೆ ಹೋಗಲಿ?

ಪ್ರಶ್ನೆ: ಇಂದಿರಾನಗರದ ಹೋಟೆಲೊಂದರಲ್ಲಿ ಕ್ಯಾಷಿಯರ್ ಆಗಿದ್ದೇನೆ. ಗಲ್ಲಾ ಲೆಕ್ಕ ಮುಗಿಯುವಾಗ ರಾತ್ರಿ 11.30. ಮನೆ ಕೆಂಗೇರಿ ಉಪನಗರ. ಅಷ್ಟರಲ್ಲಿ ಮೆಟ್ರೊ ಹೋಗಿರುತ್ತದೆ. ಆಟೊದವರು ಬಾಯಿಗೆ ಬಂದಷ್ಟು ಕೇಳುತ್ತಾರೆ, ಇಲ್ಲವೇ ಬರುವುದೇ ಇಲ್ಲ ಎನ್ನುತ್ತಾರೆ. ಏನು ಮಾಡಲಿ?
– ಮಹಿಳಾ ಓದುಗರು, ಬೆಂಗಳೂರು

ಉತ್ತರ: ಬಸ್ಸು, ಆಟೊ ವಿಷಯ ಆಮೇಲೆ. ಮೊದಲು ನಿಮ್ಮ ಮಾಲೀಕರನ್ನು ಕೇಳಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೋಟೆಲುಗಳಿಗೂ ಅನ್ವಯಿಸುತ್ತದೆ. ರಾತ್ರಿ 8ರ ನಂತರ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಮನೆಗೆ ಬಿಡುವ ವಾಹನದ ವ್ಯವಸ್ಥೆಯನ್ನೂ ಮಾಡಬೇಕು. ಐಟಿ ಕಂಪನಿಗಳು ಕ್ಯಾಬ್ ಕಳಿಸುವುದು ಬರೀ ಔದಾರ್ಯದಿಂದಲ್ಲ. ಮಾಲೀಕರು ಕಿವಿಗೆ ಹಾಕಿಕೊಳ್ಳದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ದೂರು ಕೊಡಬಹುದು.

ಕೆಲಸ ಹೋದೀತು ಎಂಬ ಅಳುಕು ನಿಮಗಿರಬಹುದು. ಹಾಗಿದ್ದರೆ ಸಣ್ಣದೊಂದು ಬೇಡಿಕೆ ಇಡಿ: ಅರ್ಧ ಗಂಟೆ ಬೇಗ ಬಂದು, ಅರ್ಧ ಗಂಟೆ ಬೇಗ ಹೊರಡುತ್ತೇನೆ ಎನ್ನಿ. ನಿಮ್ಮದು ನೇರಳೆ ಮಾರ್ಗ. ವೈಟ್‌ಫೀಲ್ಡ್ ಕಡೆಯಿಂದ ಚಲ್ಲಘಟ್ಟಕ್ಕೆ ಹೋಗುವ ರೈಲು ನಡುವೆ ಎಲ್ಲೂ ಬದಲಿಸದೆ ನಿಮ್ಮನ್ನು ಕೆಂಗೇರಿಗೆ ತಲುಪಿಸುತ್ತದೆ. 11 ಗಂಟೆಗೆ ಇಂದಿರಾನಗರದ ಪ್ಲಾಟ್‌ಫಾರ್ಮಿನ ಮೇಲಿದ್ದರೆ ರೈಲು ಸಿಗುತ್ತದೆ. ಇಷ್ಟು ಸುಲಭದ ಹೊಂದಾಣಿಕೆಯನ್ನು ಬಹಳಷ್ಟು ಜನ ಕೇಳುವುದೇ ಇಲ್ಲ.

ಅದೂ ಆಗದ ದಿನ ಆಟೊ. ಈಗಿನ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ನಂತರ ಕಿ.ಮೀ.ಗೆ 18. ರಾತ್ರಿ 10ರಿಂದ ಬೆಳಗಿನ 5ರವರೆಗೆ ಇದರ ಒಂದೂವರೆ ಪಟ್ಟು. (ಒಂಬತ್ತೂವರೆಗೇ ‘ಒನ್ ಅಂಡ್ ಹಾಫ್’ ಎನ್ನುವವರಿಗೆ ಕೊಡಬೇಕಿಲ್ಲ.) ಕೆಂಗೇರಿಗೆ 20 ಕಿ.ಮೀ. ಎಂದಿಟ್ಟುಕೊಂಡರೆ ಮೀಟರಿನಲ್ಲಿ 360, ರಾತ್ರಿಗೆ 540. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಿಗಿಳಿಯಿರಿ. 600ಕ್ಕೆ ಒಪ್ಪಿದರೆ ಹತ್ತಿ, 900 ಎಂದರೆ ಬಿಡಿ. ‘ವಾಪಸ್ ಖಾಲಿ ಬರ್ಬೇಕಮ್ಮ’ ಎಂಬ ಮಾತು ಸುಳ್ಳೇನಲ್ಲ, ಆದರೆ ಆ ಅರ್ಧ ಪಟ್ಟು ಹೆಚ್ಚಿಗೆ ಕೊಡುವುದೂ ರಾತ್ರಿಯ ಕಷ್ಟಕ್ಕೇ.

ಕೆಂಗೇರಿ ಎಂದರೆ ಮುಖ ತಿರುಗಿಸುವವರು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ಎಂದರೆ ಬಂದಾರು. ಅಲ್ಲಿ ಮೈಸೂರು ಕಡೆಯಿಂದ ರಾತ್ರಿಯಿಡೀ ಜನ ಬಂದಿಳಿಯುತ್ತಾರೆ, ವಾಪಸ್ ಬಾಡಿಗೆಗೆ ಕೊರತೆಯಿಲ್ಲ. ಅಲ್ಲಿಂದ ಮೈಸೂರಿಗೆ ಹೊರಡುವ ಕೆಎಸ್ಆರ್‌ಟಿಸಿ ಬಸ್ಸುಗಳೆಲ್ಲ ಕೆಂಗೇರಿ ಮೇಲೆಯೇ ಹೋಗಬೇಕು. ಹತ್ತುವ ಮುಂಚೆ ‘ಕೆಂಗೇರೀಲಿ ನಿಲ್ಲಿಸ್ತೀರಾ?’ ಎಂದು ಕಂಡಕ್ಟರನ್ನು ಕೇಳಿ. ನಾನ್‌ಸ್ಟಾಪಿನವರು ಒಪ್ಪಲಿಕ್ಕಿಲ್ಲ, ಸಾದಾ ಕೆಂಪು ಬಸ್ಸಿನವರು ಸಾಮಾನ್ಯವಾಗಿ ಒಪ್ಪುತ್ತಾರೆ. ಆಧಾರ್ ತೋರಿಸಿದರೆ ಶಕ್ತಿ ಯೋಜನೆಯಡಿ ನಿಮಗೆ ಟಿಕೆಟ್ಟೂ ಉಚಿತ.

ಆದರೆ ಈ ದಾರಿ ಹಿಡಿಯುವುದು ಕೆಂಗೇರಿಯಲ್ಲಿ ಸ್ಕೂಟರ್ ತಂದು ಕಾಯುವವರು ಯಾರಾದರೂ ಇದ್ದರೆ ಮಾತ್ರ. ಇನ್ನೂರು ರೂಪಾಯಿ ಉಳಿಸಲು ಹೋಗಿ ಹನ್ನೆರಡೂವರೆಯಲ್ಲಿ ಉಪನಗರದ ಒಳರಸ್ತೆಗಳಲ್ಲಿ ಒಬ್ಬರೇ ನಡೆಯುವುದಕ್ಕೆ ನನ್ನ ಸಮ್ಮತಿಯಿಲ್ಲ. ಆಟೊ ಹತ್ತಿದ ಕೂಡಲೇ ಚಾಲಕರ ಸೀಟಿನ ಹಿಂದೆ ಅಂಟಿಸಿರುವ ಫೋಟೊ ಇರುವ ಡಿಸ್‌ಪ್ಲೇ ಕಾರ್ಡನ್ನು ಮೊಬೈಲಿನಲ್ಲಿ ತೆಗೆದು ಮನೆಗೆ ಕಳಿಸಿ, ಅವರಿಗೆ ಕಾಣುವಂತೆಯೇ. ಕಾರ್ಡೇ ಇಲ್ಲದಿದ್ದರೆ ಇಳಿದು ಬೇರೆ ಆಟೊ ನೋಡಿ. ತುರ್ತಿಗೆ 112.

ಪ್ರಶ್ನೆ: ದಾವಣಗೆರೆಯಿಂದ ಮಗಳು ಬರುವ ರೈಲು ತಡವಾದರೆ ಬೆಂಗಳೂರು ಮುಟ್ಟುವಾಗ ರಾತ್ರಿ 2 ಆಗುತ್ತದೆ. ನಿಲ್ದಾಣದಲ್ಲೇ ಕೂರಲು ಹೇಳಲೇ?
– ಓದುಗರು, ದಾವಣಗೆರೆ

ಉತ್ತರ: ಹೌದು, ಕೂರಲಿ. ಟಿಕೆಟ್ ಬಿಸಾಡದೆ ಇಟ್ಟುಕೊಂಡಿರಲಿ, ನಿರೀಕ್ಷಣಾ ಕೊಠಡಿಯಲ್ಲಿ ಕೇಳುತ್ತಾರೆ. ಏನಾದರೂ ತೊಂದರೆಯಾದರೆ ರೈಲ್ವೆ ಸಹಾಯವಾಣಿ 139. ಪಕ್ಕದಲ್ಲೇ ಇರುವ ಮೆಟ್ರೊ ಬೆಳಿಗ್ಗೆ 5ಕ್ಕೆ ಶುರುವಾಗುತ್ತದೆ. ಭಾನುವಾರ ಮಾತ್ರ 7 ಗಂಟೆಯವರೆಗೆ ಮೆಟ್ರೊ ಇಲ್ಲ. ಅಂದು ಎದುರಿನ ಮೆಜೆಸ್ಟಿಕ್‌ನಿಂದ ಹೊರಡುವ ಬಿಎಂಟಿಸಿ ಬಸ್ಸು ಹಿಡಿಯಲು ಹೇಳಿ.