ವ್ಯಾಂಪೈರ್ ಪ್ರೇಮಕಥೆಯನ್ನು ಅಣಕಿಸುವ ಗ್ರಾಫಿಕ್ ಕಾದಂಬರಿ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ವ್ಯಾಂಪೈರ್ ಪ್ರೇಮಕಥೆಗಳನ್ನು ಅಣಕಿಸುವ ಒಂದು ಗ್ರಾಫಿಕ್ ಕಾದಂಬರಿ ಮಾಡುವ ಆಸೆಯಿದೆ, ಎಲ್ಲಿಂದ ಶುರು ಮಾಡಲಿ, ಆ ಪುಸ್ತಕಗಳನ್ನು ಮೆಚ್ಚಿದವರಿಗೆ ಬೇಜಾರಾಗುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಮೂಡಿಗೆರೆ ಕಡೆಯವನು, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಇಂಥದ್ದೇ ಒಂದು ಕಾಮಿಕ್ಸ್ ಎರಡು ಸಲ ಬರೆದಿದ್ದೇನೆ. ಮೊದಲನೆಯದು ಕೆಟ್ಟಿತು, ಎರಡನೆಯದು ನಿಂತಿತು. ಯಾಕೆ ಅಂತ ಹೇಳುತ್ತೇನೆ.

ಮೊದಲ ಸಲ ಪುಸ್ತಕ ಓದದೇ ಕೂತೆ. ಬಿಳಿಚಿದ ಮುಖದ ಹುಡುಗ, ಬೆಳ್ಳುಳ್ಳಿ ಕಂಡರೆ ಓಡುತ್ತಾನೆ, ಬಿಸಿಲು ಬಿದ್ದರೆ ಬೂದಿಯಾಗುತ್ತಾನೆ. ಹೀಗೇ ಇಪ್ಪತ್ತು ಪುಟ. ಅಕ್ಕನ ಮಗಳಿಗೆ ತೋರಿಸಿದೆ. ಅವಳಾಗ ಪಿಯುಸಿ, ‘ಟ್ವೈಲೈಟ್’ ಎಂಬ ವ್ಯಾಂಪೈರ್ ಪ್ರೇಮಕಥೆಯ ಸರಣಿಯ ನಾಲ್ಕೂ ಪುಸ್ತಕ ಓದಿ ಮುಗಿಸಿದವಳು. ಇಪ್ಪತ್ತು ಪುಟ ತಿರುಗಿಸಿದಳು, ಒಮ್ಮೆಯೂ ನಗಲಿಲ್ಲ. “ಮಾಮ, ಇದು ಆ ಕಥೆನೇ ಅಲ್ಲ. ಅವನು ಬಿಸಿಲಲ್ಲಿ ಸುಡಲ್ಲ, ಹೊಳೀತಾನೆ. ನೀವು ಓದೇ ಇಲ್ಲ ಅಲ್ವಾ?” ಅಂದಳು.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಅದೇ. ಅಣಕಿಸಿದರೆ ಅಭಿಮಾನಿ ಸಹಿಸುತ್ತಾನೆ, ಓದದೇ ಅಣಕಿಸಿದರೆ ಸಹಿಸುವುದಿಲ್ಲ. ಹಾಗೆ ಸಹಿಸದೇ ಇರುವುದು ಸರಿಯೂ ಹೌದು.

ಆಮೇಲೆ ನಾಲ್ಕೂ ಪುಸ್ತಕ ಅವಳಿಂದಲೇ ಇಸಕೊಂಡು ಓದಿದೆ. ಸ್ಟೆಫನಿ ಮೇಯರ್ ಅವರ ಮೊದಲ ಪುಸ್ತಕ ಬಂದದ್ದು 2005ರಲ್ಲಿ, ನಾಲ್ಕನೆಯದು 2008ರಲ್ಲಿ. ಓದುತ್ತಾ ಒಂದು ನೋಟ್‌ಬುಕ್‌ನಲ್ಲಿ ಆ ಲೋಕದ ನಿಯಮಗಳನ್ನು ಬರೆದುಕೊಂಡೆ. ಹುಡುಗ 1918ರಿಂದ ಹದಿನೇಳರಲ್ಲೇ ನಿಂತಿದ್ದಾನೆ. ಮೈ ಕಲ್ಲಿನಷ್ಟು ಗಟ್ಟಿ. ಬಿಸಿಲಿಗೆ ಹೋದರೆ ವಜ್ರದಂತೆ ಹೊಳೆದು ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಅವನ ಮನೆಯವರು ಫೋರ್ಕ್ಸ್ ಅನ್ನುವ, ಸದಾ ಮೋಡ ಮುಸುಕಿದ ಊರಲ್ಲಿದ್ದಾರೆ. ‘ನಿಜವಾದ ವ್ಯಾಂಪೈರ್ ಎಲ್ಲಾದರೂ ಹೊಳೆಯುತ್ತಾನಾ’ ಎಂದು ನಗುವವರು ಜಾಸ್ತಿ. ಆದರೆ 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಡ್ರಾಕುಲಾ ಎಂಬ ವ್ಯಾಂಪೈರ್ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕುಂದಿರುತ್ತದೆ ಅಷ್ಟೆ. ಬಿಸಿಲಿಗೆ ಸಾಯುವುದು 1922ರ ‘ನೋಸ್ಫೆರಾಟು’ ಎಂಬ ಮೂಕಿ ಚಿತ್ರದಿಂದ ಬಂದ ಸೇರ್ಪಡೆ. ಹಾಗಾಗಿ ಹೊಳೆಯುವುದನ್ನು ಒಪ್ಪಿಕೊಳ್ಳಿ. ಒಪ್ಪಿಕೊಂಡು ಆ ಹುಡುಗನನ್ನು ನಿಮ್ಮೂರಿಗೆ ಕರೆತನ್ನಿ.

ನಾನು ಅವನನ್ನು ನಮ್ಮ ಕಡೆಯ ಒಂದು ಕಾಫಿ ಎಸ್ಟೇಟಿಗೆ ತಂದು ರೈಟರ್ ಕೆಲಸ, ಅಂದರೆ ಲೆಕ್ಕ ಬರೆಯುವ ಕೆಲಸ ಕೊಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವನಿಗೆ ಚಿಂತೆಯಿಲ್ಲ. ಹಗಲೋ ಸಂಜೆಯೋ ಗೊತ್ತಾಗದ ಮಳೆ, ಎಲ್ಲರ ಜೊತೆ ಅವನೂ ಕಂಬಳಿ ಕೊಪ್ಪೆ ಹಾಕಿಕೊಂಡು ಸುತ್ತುತ್ತಾನೆ. ಒಂದು ಇಂಬಳ, ಅಂದರೆ ಜಿಗಣೆ, ಅವನ ಕಾಲಿಗೆ ಹತ್ತುತ್ತದೆ. ಕಚ್ಚಲು ನೋಡುತ್ತದೆ. ಇನ್ನೊಂದು ಜಾಗ ಹುಡುಕಿ ಮತ್ತೆ ನೋಡುತ್ತದೆ. ಕಡೆಗೆ ಸೋತು ಇಳಿದು ಹೋಗುತ್ತದೆ. ಇದಕ್ಕೆ ನಾಲ್ಕು ಪ್ಯಾನೆಲ್, ಒಂದೂ ಮಾತಿಲ್ಲ. ಮಳೆ ನಿಂತ ಮೇಲೆ ಕಷ್ಟ ಶುರು. ತೋಟದೊಳಗೆ ಸಿಲ್ವರ್ ಓಕ್ ಎಲೆಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದಲ್ವಾ, ಅವನೂ ಚುಕ್ಕೆ ಚುಕ್ಕೆಯಾಗಿಯೇ ಹೊಳೆಯುತ್ತಾನೆ, ಜಿಂಕೆಯ ಹಾಗೆ. ಜನವರಿಯಲ್ಲಿ ಕಾಫಿ ಒಣಗುವ ಕಣಕ್ಕೆ ಹೋಗಿ ಲೆಕ್ಕ ಬರೆಯಬೇಕು. ಅಲ್ಲಿ ಒಂದು ಕಡ್ಡಿಯ ನೆರಳೂ ಇಲ್ಲ.

ಆ ಕಣದ ಪುಟ ಬರೆಯಲು ಒಂದು ವಾರ ಹಿಡಿಯಿತು. ಮೊದಲು ಅವನ ಮೈ ಸುತ್ತ ನಕ್ಷತ್ರ ಬರೆದೆ. ದೀಪಾವಳಿ ಗ್ರೀಟಿಂಗ್ ಕಾರ್ಡ್ ಆಯಿತು. ಕೊನೆಗೆ ಅವನ ಮೈಯನ್ನು ಖಾಲಿ ಕಾಗದವಾಗಿಯೇ ಬಿಟ್ಟು, ಸುತ್ತ ಹರಡಿದ ಕಾಫಿ ಹಣ್ಣನ್ನೆಲ್ಲ ಬ್ರಷ್‌ನಲ್ಲಿ ಕಪ್ಪಗೆ ತುಂಬಿದೆ. ಆಗ ಕಣ್ಣಿಗೆ ಹೊಡೆಯಿತು. ಮೇಲಿನ ಡಬ್ಬಿಯಲ್ಲಿ ಅವನನ್ನು ಪ್ರೀತಿಸುವ ಹುಡುಗಿಯ ಮಾತು: “ಅವನು ಸಾವಿರ ವಜ್ರಗಳ ಹಾಗೆ ಹೊಳೆದ, ನಾನು ಉಸಿರಾಡುವುದನ್ನೇ ಮರೆತೆ.” ಕೆಳಗೆ ಚಿತ್ರದಲ್ಲಿ ಕೆಲಸದ ಹೆಂಗಸರು ಸೆರಗನ್ನು ಹಣೆ ಮೇಲೆಳೆದುಕೊಂಡು ಕಾಫಿ ಕೈಯಾಡಿಸುತ್ತಲೇ ಇದ್ದಾರೆ. ಗದ್ಯದಲ್ಲಿ ಅಣಕಿಸಿದರೆ ಈ ಎರಡನ್ನೂ ಒಟ್ಟಿಗೆ ಹೇಳುವುದು ಕಷ್ಟ. ಚಿತ್ರದಲ್ಲಿ ಮಾತು ಒಂದು ಹೇಳುತ್ತದೆ, ಕಣ್ಣಿಗೆ ಇನ್ನೊಂದು ಕಾಣುತ್ತದೆ. ನಗು ಬರುವುದು ಆ ಅಂತರದಲ್ಲಿ. ಪಾತ್ರಗಳು ಮಾತ್ರ ನಗಬಾರದು. ಅವರಿಗೆ ಅದು ಪ್ರಾಣದ ವಿಷಯ.

ನೋಡಬೇಕಾದ ಪುಸ್ತಕಗಳು ಕೆಲವಿವೆ. 2010ರಲ್ಲಿ ಯಂಗ್ ಕಿಮ್ ಬರೆದ ಚಿತ್ರಗಳೊಂದಿಗೆ ‘ಟ್ವೈಲೈಟ್’ನ ಅಧಿಕೃತ ಗ್ರಾಫಿಕ್ ಕಾದಂಬರಿ ಬಂತು, ಹೆಚ್ಚಿನ ಪುಟ ಕಪ್ಪು ಬಿಳುಪು. ಅಣಕಿಸುವ ಮೊದಲು ಅದನ್ನು ನೋಡಿ. 2011ರಲ್ಲಿ ಪೇಪರ್‌ಕಟ್ಜ್ ಪ್ರಕಾಶನ ‘ಬ್ರೇಕಿಂಗ್ ಡೌನ್’ ಎಂಬ ಅಣಕು ಕಾಮಿಕ್ಸ್ ತಂದಿತು, ಚಿತ್ರ ರಿಕ್ ಪಾರ್ಕರ್ ಅವರದು. 2009ರ ‘ನೈಟ್‌ಲೈಟ್’ ಎಂಬ ಅಣಕು ಹಾರ್ವರ್ಡ್ ವಿದ್ಯಾರ್ಥಿಗಳ ಹಾಸ್ಯ ಪತ್ರಿಕೆ ಹಾರ್ವರ್ಡ್ ಲ್ಯಾಂಪೂನ್ ಬಳಗದ್ದು, ಬರೀ ಗದ್ಯ. ನನಗೆ ಇವೆಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಅಮೆರಿಕದ ಹಳೆಯ ಹಾಸ್ಯ ಪತ್ರಿಕೆ ‘ಮ್ಯಾಡ್’. ಅದರಲ್ಲಿ 1953ರಲ್ಲಿ ವಾಲಿ ವುಡ್ ಸೂಪರ್‌ಮ್ಯಾನ್‌ನ ಅಣಕಿಗೆ ಚಿತ್ರ ಬರೆದರು. ಆ ಗೆರೆಯಲ್ಲಿ ಎಷ್ಟು ಶ್ರದ್ಧೆ ಇದೆ ನೋಡಿ.

ಕಾನೂನಿನ ಭಯವಿದ್ದರೆ ಇಷ್ಟು ತಿಳಿದಿರಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗಾಗಿ ಬೇರೆಯವರ ಕೃತಿಯನ್ನು ನ್ಯಾಯವಾಗಿ ಬಳಸಲು ಅವಕಾಶ ಕೊಡುತ್ತದೆ. ಒಂದು ನಾಟಕಕ್ಕೆ ಎದುರಾಗಿ ಬರೆದ ಪ್ರತಿನಾಟಕದ ಪರವಾಗಿ ಕೇರಳ ಹೈಕೋರ್ಟ್ 1996ರಲ್ಲಿ ನಿಂತದ್ದೂ ಇದೆ. ಆದರೂ ಹೆಸರು ಬದಲಿಸಿ, ಅವರ ವಾಕ್ಯ, ಚಿತ್ರ ನಕಲು ಮಾಡಬೇಡಿ. ಅಚ್ಚು ಹಾಕಿಸುವ ಮುಂಚೆ ವಕೀಲರನ್ನು ಒಂದು ಮಾತು ಕೇಳಿ.

ನನ್ನ ಕಥೆಯ ಕೊನೆಗೆ ಹಳೆಯ ನಿಯಮ ಒಂದನ್ನು ತಂದೆ: ಕರೆಯದೇ ವ್ಯಾಂಪೈರ್ ಮನೆಯೊಳಗೆ ಬರುವಂತಿಲ್ಲ. ನಮ್ಮ ಊರುಗಳಲ್ಲಿ ತೊಂಬತ್ತರ ದಶಕದಲ್ಲಿ ದೆವ್ವ ಬಾರದಿರಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದದ್ದು ನಿಮಗೂ ನೆನಪಿರಬಹುದು. ಹುಡುಗಿಯ ಅಜ್ಜಿ ಸುಣ್ಣದಲ್ಲಿ ಹಾಗೇ ಬರೆದಿದ್ದಾಳೆ. ಅವನು ಪ್ರತಿ ರಾತ್ರಿ ಬರುತ್ತಾನೆ, ಓದುತ್ತಾನೆ, ಆಯ್ತು ಅಂತ ತಲೆ ತಗ್ಗಿಸಿ ವಾಪಸ್ ಹೋಗುತ್ತಾನೆ. ಕಥೆ ಅಲ್ಲಿಗೇ ನಿಲ್ಲಿಸಿದ್ದೆ. ಅಕ್ಕನ ಮಗಳು ಈ ಸಲ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಪೆನ್ಸಿಲ್ ಕೇಳಿದಳು. ಇನ್ನೊಂದು ಪ್ಯಾನೆಲ್ ಅವಳೇ ಬರೆದಳು. ಹುಡುಗಿಯ ಕೈಯಲ್ಲಿ ಒದ್ದೆ ಬಟ್ಟೆ. ಬಾಗಿಲ ಮೇಲಿನ ‘ನಾಳೆ’ ಒರೆಸಿಹೋಗಿದೆ. ‘ಬಾ’ ಹಾಗೇ ಇದೆ.