ಆರೋಗ್ಯ ಪ್ರಶ್ನೋತ್ತರ: ತರಬೇತಿ ಮುಗಿಯಿತು, ಪ್ರಾಜೆಕ್ಟ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಆರೋಗ್ಯ ಕೇಂದ್ರವೊಂದರಲ್ಲಿ ಸ್ಟಾಫ್ ನರ್ಸ್. ಗುಣಮಟ್ಟ ಸುಧಾರಣೆಯ ತರಬೇತಿಗೆ ಕಳಿಸಿದ್ದರು. ಪಿಡಿಎಸ್‌ಎ ಎಂಬ ಯೋಜಿಸಿ-ಮಾಡಿ-ಪರಿಶೀಲಿಸಿ-ತಿದ್ದುವ ಕ್ರಮ, ತೊಂದರೆಯ ಕಾರಣ ಹುಡುಕುವ ಫಿಶ್‌ಬೋನ್ ಚಿತ್ರ ಎಲ್ಲ ಬರೆದುಕೊಂಡು ಬಂದೆ. ಈಗ ನೀವೇ ಒಂದು ಪ್ರಾಜೆಕ್ಟ್ ನಡೆಸಿ ಎನ್ನುತ್ತಿದ್ದಾರೆ. ನಮ್ಮಲ್ಲಿ ಮಾತ್ರೆಯ ಕವರಿನ ಮೇಲೆ ಮಲಯಾಳದಲ್ಲಿ ಬರೆದು ಕೊಡುತ್ತಾರೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ತಪ್ಪಾಗಿ ನುಂಗುತ್ತಾರೆ. ಇದನ್ನು ಎತ್ತಿಕೊಳ್ಳಬಹುದೇ? ಡಾಕ್ಟರಿಗೆ, ಫಾರ್ಮಸಿಸ್ಟರಿಗೆ ಹೇಳಲು ನಾನು ಯಾರು?
– ಓದುಗಿ, ಮಂಜೇಶ್ವರ

ಉತ್ತರ: ಖಂಡಿತ ಎತ್ತಿಕೊಳ್ಳಿ. ವಾರ್ಡಿನಲ್ಲಿ ದುಡಿದು, ಆಮೇಲೆ ನರ್ಸಿಂಗ್ ಕಲಿಸಿದವಳಾಗಿ ಹೇಳುತ್ತೇನೆ: ಕಣ್ಣೆದುರಿನ ಇಂಥ ಒಂದು ತೊಂದರೆಗೆ ಕೈ ಹಾಕಿದಾಗಲೇ ತರಬೇತಿ ನಿಜವಾಗಿ ಶುರುವಾಗುವುದು.

ಮೊದಲು ಕವರು ಬದಲಾಯಿಸಲು ಹೋಗಬೇಡಿ, ಅಳೆಯಿರಿ. ಬಿಪಿ-ಶುಗರ್ ಕ್ಲಿನಿಕ್ಕಿನ ದಿನ ಔಷಧಿ ಕೌಂಟರಿನಿಂದ ಹೊರಬರುವ ಹತ್ತು ಮಂದಿಯನ್ನು ಮಾತಾಡಿಸಿ. ‘ಗೊತ್ತಾಯಿತಾ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು ‘ಅಜ್ಜೀ, ಮನೆಗೆ ಹೋಗಿ ಇದನ್ನು ಹೇಗೆ ತೆಗೆದುಕೊಳ್ತೀರಿ, ನನಗೊಮ್ಮೆ ಹೇಳಿ’ ಎನ್ನಿ. ಕೆಲವರನ್ನು ತುಳುವಿನಲ್ಲೇ ಕೇಳಬೇಕಾದೀತು. ಅಜ್ಜಿಯ ಕೈಯಲ್ಲಿ ಶುಗರಿನ ಮೆಟ್‌ಫಾರ್ಮಿನ್, ಬಿಪಿಯ ಆಮ್ಲೊಡಿಪಿನ್ ಎರಡೂ ಬಿಳಿ ಮಾತ್ರೆಯೇ ಇದ್ದರೆ ದಿನಕ್ಕೊಂದು ಯಾವುದು, ಎರಡು ಯಾವುದು ಎಂದು ಆಕೆ ತಡಕಾಡುವುದು ಅಲ್ಲೇ ಕಾಣುತ್ತದೆ. ಹತ್ತರಲ್ಲಿ ಎಷ್ಟು ಮಂದಿ ಸರಿಯಾಗಿ ಹೇಳಿದರು, ಬರೆದಿಡಿ. ಆ ಸಂಖ್ಯೆಯನ್ನು ಇಷ್ಟು ವಾರದೊಳಗೆ ಇಷ್ಟಕ್ಕೆ ಏರಿಸುತ್ತೇವೆ ಎಂಬ ಒಂದೇ ವಾಕ್ಯ ನಿಮ್ಮ ಗುರಿ.

ತಂಡದಲ್ಲಿ ಫಾರ್ಮಸಿಸ್ಟ್ ಇರಲೇಬೇಕು, ಕವರು ಬರೆಯುವವರು ಅವರು. ಒಬ್ಬ ಆಶಾ ಕಾರ್ಯಕರ್ತೆಯೂ ಇರಲಿ, ಮನೆಯಲ್ಲಿ ಏನಾಗುತ್ತದೆಂದು ಆಕೆ ಬಲ್ಲಳು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕನ್ನಡದ ಮೊಹರು ಒತ್ತುವುದೋ, ಸೂರ್ಯ-ಚಂದ್ರರ ಚಿತ್ರ ಹಾಕುವುದೋ? ವಾದ ಬೇಡ. ಒಂದು ಉಪಾಯವನ್ನು ಒಂದೇ ದಿನ ಐದು ರೋಗಿಗಳ ಮೇಲೆ ಮಾಡಿ ನೋಡಿ, ತಿದ್ದಿ, ಮತ್ತೆ ಮಾಡಿ. ನೀವು ಬರೆದುಕೊಂಡು ಬಂದ ಪಿಡಿಎಸ್‌ಎ ಇದೇ. ಕೌಂಟರಿನ ಸಾಲು ಉದ್ದವಾಯಿತೇ ಎಂಬುದನ್ನೂ ಗಮನಿಸಿ. ಒಂದು ಕಡೆ ಸರಿಮಾಡಲು ಹೋಗಿ ಇನ್ನೊಂದು ಕಡೆ ಕೆಡಿಸಬಾರದು. ಪ್ರತಿ ಕ್ಲಿನಿಕ್ ದಿನದ ಅಂಕಿಯನ್ನು ಗ್ರಾಫಿನಲ್ಲಿ ಚುಕ್ಕಿಯಾಗಿ ಹಾಕುತ್ತ ಬನ್ನಿ. ಸಾಲಾಗಿ ಆರು ಚುಕ್ಕಿಗಳು ಮಧ್ಯರೇಖೆಗಿಂತ (ಅಂಕಿಗಳ ಮಧ್ಯಾಂಕದ ಗೆರೆಗಿಂತ) ಮೇಲೆ ನಿಂತರೆ ಅದು ಆಕಸ್ಮಿಕವಿರಲಾರದು.

‘ನಾನು ಯಾರು’ ಎಂದಿರಿ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಪೀಟರ್ ಪ್ರೊನೊವೋಸ್ಟ್ ಎಂಬ ಡಾಕ್ಟರ್ ಮತ್ತು ಸಂಗಡಿಗರು, ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯಿಂದ ಬರುವ ಸೋಂಕನ್ನು ತಡೆಯಲು ಹೊರಟರು. ಕೈ ತೊಳೆಯುವುದರಿಂದ ಶುರುವಾಗುವ ಐದು ಸರಳ ಕ್ರಮಗಳು. 2006ರಲ್ಲಿ ಫಲಿತಾಂಶ ಪ್ರಕಟವಾದಾಗ ಸೋಂಕು ಶೇ. 66ರಷ್ಟರವರೆಗೂ ಕಡಿಮೆಯಾಗಿತ್ತು. ಅಲ್ಲಿ ಕ್ರಮ ತಪ್ಪಿದ ಡಾಕ್ಟರನ್ನು ತಡೆಯುವ ಅಧಿಕಾರವನ್ನು ನರ್ಸುಗಳಿಗೆ ಕೊಟ್ಟಿದ್ದರು. ಹಾಗೆ ಮೇಲಿನವರು ಮೊದಲೇ ಬೆನ್ನಿಗೆ ನಿಂತಿರದಿದ್ದರೆ ಯಾವ ನರ್ಸಿಗೂ ಧೈರ್ಯ ಬರುತ್ತಿರಲಿಲ್ಲ. ನೀವೂ ಮೆಡಿಕಲ್ ಆಫೀಸರಿಗೆ ಮೊದಲ ದಿನದ ಅಂಕಿ ತೋರಿಸಿ, ಸಿಬ್ಬಂದಿ ಸಭೆಯ ನಡಾವಳಿಯಲ್ಲಿ ಪ್ರಾಜೆಕ್ಟಿನ ಹೆಸರು, ನಿಮ್ಮ ಹೆಸರು ಬರೆಸಿ. ವಾರಕ್ಕೊಂದು ಗಂಟೆ ಡ್ಯೂಟಿಯ ಹೊತ್ತಿನಲ್ಲೇ ಬಿಡುವು ಕೇಳಿ. ಕೇಳಲು ಹಿಂಜರಿಯಬೇಡಿ. ಊಟದ ಹೊತ್ತನ್ನು ಕತ್ತರಿಸಿ ಮಾಡುವ ಕೆಲಸ ತಿಂಗಳು ದಾಟುವುದಿಲ್ಲ.

ಪ್ರಶ್ನೆ: ನಮ್ಮ ಜಿಲ್ಲೆಯ ಕಯ್ಯೂರಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ರಾಷ್ಟ್ರೀಯ ಗುಣಮಟ್ಟದ ಎನ್‌ಕ್ವಾಸ್ ಮನ್ನಣೆ ಸಿಕ್ಕಿದೆ. ಅಂಥ ಪ್ರಮಾಣಪತ್ರ ಬಂದ ಮೇಲೆ ಮತ್ತೆ ಪ್ರಾಜೆಕ್ಟ್ ಏಕೆ?
– ಓದುಗ, ಬದಿಯಡ್ಕ

ಉತ್ತರ: ಎನ್‌ಕ್ವಾಸ್‌ನಲ್ಲಿ ಎಂಟು ವಿಭಾಗಗಳಿವೆ, ಅದರಲ್ಲೊಂದು ಗುಣಮಟ್ಟದ ನಿರ್ವಹಣೆ. ಅಂದರೆ ಸುಧಾರಣೆ ನಡೆಯುತ್ತಲೇ ಇರಬೇಕೆಂದು ಆ ಮಾನದಂಡವೇ ಕೇಳುತ್ತದೆ. ರೋಗಿಯ ಹಕ್ಕುಗಳದ್ದೂ ಒಂದು ವಿಭಾಗ. ಸ್ಥಳೀಯ ಭಾಷೆಯಲ್ಲಿ ಮಾಹಿತಿ ಕೊಡುವ ಮಾತು ಅಲ್ಲಿ ಬರುತ್ತದೆ. ನಮ್ಮ ಗಡಿನಾಡಿನಲ್ಲಿ ಕನ್ನಡವೂ ಸ್ಥಳೀಯ ಭಾಷೆಯೇ. ಮೇಲಿನ ಮಂಜೇಶ್ವರದ ಓದುಗಿ ತನ್ನ ಪ್ರಾಜೆಕ್ಟಿನ ಕಾಗದಪತ್ರದಲ್ಲಿ ಈ ಅಂಶವನ್ನು ಸೇರಿಸಿಕೊಳ್ಳಲಿ, ಮೇಲಧಿಕಾರಿಗಳು ಬೇಡವೆನ್ನುವುದು ಕಷ್ಟ.